ಒಂಬತ್ತು ನಂಬರಿನ ಅಂಗಿ: ಐಸ್ ಹಾಕಿ, ಮಕ್ಕಳ ಪುಸ್ತಕ ಮತ್ತು ಒಂದು ಒಳ್ಳೆಯ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. 1943ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಒಬ್ಬ ಐಸ್ ಹಾಕಿ ಆಟಗಾರರಿಗೆ ಮೊದಲ ಮಗು ಹುಟ್ಟಿತು, ಹೆಣ್ಣು ಮಗು. ಅವರು ಕೋಚ್ ಹತ್ತಿರ ಹೋಗಿ, ಮಗು ಎಷ್ಟು ಪೌಂಡ್ ತೂಗಿತೋ ಅದೇ ನಂಬರಿನ ಅಂಗಿ ತನಗೆ ಬೇಕು ಎಂದು ಕೇಳಿದರು. ಅಲ್ಲಿಯವರೆಗೆ ಅವರ ಬೆನ್ನ ಮೇಲೆ 15 ಇತ್ತು. ಹೊಸ ನಂಬರ್ ಯಾವುದು?

ಐಸ್ ಹಾಕಿಯನ್ನು ಒಮ್ಮೆಯೂ ನೋಡದವರು ಕೂಡ ಇದಕ್ಕೆ ಉತ್ತರ ಹುಡುಕಬಹುದು. ಆಗ ತಾನೇ ಹುಟ್ಟಿದ ಮಗು ಎಷ್ಟು ತೂಗುತ್ತದೆ ಎಂದು ಗೊತ್ತಿದ್ದರೆ ಸಾಕು. ಆರೋ, ಏಳೋ, ಗುಂಡುಗುಂಡಾಗಿದ್ದರೆ ಒಂಬತ್ತೋ. ಉತ್ತರ 9. ನಾಲ್ಕು ಕಿಲೋಗಿಂತ ಸ್ವಲ್ಪ ಜಾಸ್ತಿ. ಆ ತಂದೆಯ ಹೆಸರು ಮೋರಿಸ್ ರಿಶಾರ್. ಇಂಗ್ಲಿಷ್ ಮಾತಾಡುವವರು ರಿಚರ್ಡ್ ಎನ್ನುತ್ತಾರೆ.

ಇದೇ ಆಟಗಾರರ ಬಗ್ಗೆ ಇನ್ನೊಂದು ಥರದ ಪ್ರಶ್ನೆಯನ್ನೂ ಕೇಳಬಹುದು. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಪಂದ್ಯಾವಳಿಯಾದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಅವರು ಹೊಡೆದ ಗೋಲುಗಳು ಎಷ್ಟು? 544. ಗೊತ್ತಿದ್ದವರು ಬರೆದುಕೊಟ್ಟರು, ಗೊತ್ತಿಲ್ಲದವರು ಸುಮ್ನೆ ಕೂತರು, ಅಲ್ಲಿಗೆ ಮುಗಿಯಿತು. ಮೊದಲ ಪ್ರಶ್ನೆಯಲ್ಲಿ ಒಬ್ಬ ಮನುಷ್ಯ ಇದ್ದಾನೆ, ಅವನ ಸಂಭ್ರಮ ಇದೆ. ನಾನು ಇವತ್ತು ಹೇಳಬೇಕು ಎಂದುಕೊಂಡು ಬಂದಿರುವುದು ಇದನ್ನೇ. ಕ್ವಿಜ್‌ನ ಪ್ರಶ್ನೆ, ಉತ್ತರ ಗೊತ್ತಾಗದೇ ಸೋತವರಿಗೂ ಏನಾದರೂ ಕೊಟ್ಟು ಕಳಿಸಬೇಕು. ಅಂಥ ಪ್ರಶ್ನೆ ಎಲ್ಲಿ ಸಿಗುತ್ತದೆ ಎಂದು ತೋರಿಸಲು ಎರಡು ವಿಷಯ ಆರಿಸಿಕೊಂಡಿದ್ದೇನೆ: ಐಸ್ ಹಾಕಿ ಆಟಗಾರರು ಮತ್ತು ಮಕ್ಕಳ ಹೆಸರಾಂತ ಪುಸ್ತಕಗಳು. ಎಲ್ಲಿಂದೆಲ್ಲಿಯ ನಂಟು ಅನಿಸುತ್ತದೆ ಅಲ್ವಾ? ಆ ನಂಟು ನಿಜವಾಗಿಯೂ ಇದೆ, ಅದೂ ತುಂಬಾ ಗಟ್ಟಿಯಾಗಿಯೇ ಇದೆ.

ಪಬ್ ಕ್ವಿಜ್ ಬ್ರಿಟನ್ನಿನಲ್ಲಿ ಬೆಳೆದ ಪದ್ಧತಿ. 1976ರ ಹೊತ್ತಿಗೆ ಶರನ್ ಬರ್ನ್ಸ್ ಮತ್ತು ಟಾಮ್ ಪೋರ್ಟರ್ ಎಂಬ ಇಬ್ಬರು ದಕ್ಷಿಣ ಇಂಗ್ಲೆಂಡಿನ ಪಬ್ಬುಗಳಲ್ಲಿ ಕ್ವಿಜ್ ಲೀಗ್ ಶುರು ಮಾಡಿದರು. ಜನ ಕಡಿಮೆ ಬರುವ ರಾತ್ರಿಗಳಲ್ಲಿ ಮೇಜು ತುಂಬಿಸುವುದು ಉದ್ದೇಶ. ಮೂರು ವರ್ಷ ಕಳೆದ ಮೇಲೆ, 1979ರ ಡಿಸೆಂಬರ್ 15ರಂದು, ಮಾಂಟ್ರಿಯಲ್‌ನಲ್ಲಿ ಇಬ್ಬರು ಪತ್ರಕರ್ತರು ಒಂದು ಹೊಸ ಆಟದ ಯೋಚನೆ ಮಾಡಿದರು. ಒಬ್ಬರು ಪತ್ರಿಕೆಯ ಫೋಟೋ ವಿಭಾಗದ ಕ್ರಿಸ್ ಹೇನಿ, ಇನ್ನೊಬ್ಬರು ಕ್ರೀಡಾ ಸಂಪಾದಕ ಸ್ಕಾಟ್ ಅಬಟ್. ಆಟದ ಹೆಸರು ಟ್ರಿವಿಯಲ್ ಪರ್ಸೂಟ್. ಆರು ಬಣ್ಣ, ಆರು ವಿಷಯ. ಕಿತ್ತಳೆ ಬಣ್ಣಕ್ಕೆ ಆಟೋಟ, ಕಂದು ಬಣ್ಣಕ್ಕೆ ಕಲೆ ಮತ್ತು ಸಾಹಿತ್ಯ. ಗೆಲ್ಲಬೇಕಾದರೆ ಎರಡೂ ಬೇಕು. ಮುಂದೆ ಈ ಆಟದಿಂದ ಶ್ರೀಮಂತರಾದ ಅಬಟ್ ಒಂದು ಐಸ್ ಹಾಕಿ ತಂಡದ ಮಾಲೀಕರಾದರು. ಒಂಟಾರಿಯೊ ಪ್ರಾಂತ್ಯದ ಜೂನಿಯರ್ ಲೀಗ್‌ನಲ್ಲಿ ಆಡುವ ಆ ತಂಡ ಮೊದಲು ಬ್ರಾಂಪ್ಟನ್‌ನಲ್ಲಿತ್ತು, 2013ರಲ್ಲಿ ನಾರ್ತ್ ಬೇ ಊರಿಗೆ ಹೋಯಿತು.

ಅದೇ 1979ರಲ್ಲಿ ಇನ್ನೊಂದು ಘಟನೆ ನಡೆಯಿತು. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಹೆಚ್ಚಿನವರ ಮಾತು ಫ್ರೆಂಚ್. ಅಲ್ಲಿನ ಫ್ರೆಂಚ್ ಭಾಷೆಯ ಲೇಖಕ ರೋಕ್ ಕ್ಯಾರಿಯೇ ಒಂದು ಪುಟ್ಟ ಕಥೆ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಅದು 'ದಿ ಹಾಕಿ ಸ್ವೆಟರ್' ಎಂದೇ ಪ್ರಸಿದ್ಧ. ನಮ್ಮ ಎರಡು ವಿಷಯಗಳೂ ಕೂಡುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕಥೆಗೆ ಮುಂಚೆ ಆಟದ ಬಗ್ಗೆ ಎರಡು ಮಾತು. ಗೋಲ್‌ಕೀಪರ್ ಸೇರಿ ಒಂದು ಕಡೆ ಆರು ಜನ. ಇಪ್ಪತ್ತು ನಿಮಿಷದ ಮೂರು ಅವಧಿ. ಚೆಂಡಿಗೆ ಬದಲು ಪಕ್, ಅಂದರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಅದು ಪುಟಿಯದಿರಲಿ ಎಂದು ಆಟಕ್ಕೆ ಮುಂಚೆ ಫ್ರೀಜರ್‌ನಲ್ಲಿ ಇಡುತ್ತಾರೆ. ತಪ್ಪು ಮಾಡಿದವರು ಕೆಲವು ನಿಮಿಷ ಹೊರಗೆ ಕೂರಬೇಕು. ಇಷ್ಟು ಸಾಕು.

1946ರ ಚಳಿಗಾಲ. ಸೇಂಟ್ ಜಸ್ಟೀನ್ ಎಂಬ ಕ್ವಿಬೆಕ್‌ನ ಹಳ್ಳಿ. ಅಲ್ಲಿನ ಹುಡುಗರಿಗೆ ಮೂರೇ ಜಾಗ: ಶಾಲೆ, ಚರ್ಚು, ಸ್ಕೇಟಿಂಗ್ ಅಂಗಳ. ಎಲ್ಲರಿಗೂ ಮೋರಿಸ್ ರಿಶಾರ್ ಅಂದರೆ ಪ್ರಾಣ. ಅವರಂತೆಯೇ ಸ್ಕೇಟಿನ ದಾರ ಕಟ್ಟುತ್ತಾರೆ, ಅವರಂತೆಯೇ ಹಾಕಿ ಕೋಲಿಗೆ ಟೇಪ್ ಸುತ್ತುತ್ತಾರೆ. ಕೂದಲು ಅವರ ಥರ ನಿಲ್ಲಲಿ ಎಂದು ತಲೆಗೆ ಅಂಟು ಮೆತ್ತಿಕೊಳ್ಳುತ್ತಾರೆ. ಎಲ್ಲರದ್ದೂ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಕೆಂಪು, ಬಿಳಿ, ನೀಲಿ ಅಂಗಿ. ಎಲ್ಲರ ಬೆನ್ನಿಗೂ 9. ಆಟ ಶುರುವಾದರೆ ಐದು ಮೋರಿಸ್ ರಿಶಾರ್‌ಗಳ ಎದುರು ಇನ್ನೈದು ಮೋರಿಸ್ ರಿಶಾರ್‌ಗಳು!

ನಮ್ಮ ಹುಡುಗನ ಅಂಗಿ ಹಳೆಯದಾಗಿ, ಗಿಡ್ಡವಾಗಿ, ಹರಿಯಿತು. ತಾಯಿ ಹೊಸದನ್ನು ತರಿಸಲು ಈಟನ್ ಅಂಗಡಿಯ ಕ್ಯಾಟಲಾಗ್ ತೆಗೆದಳು. ಅದರ ಫಾರಂ ಇರುವುದು ಇಂಗ್ಲಿಷಿನಲ್ಲಿ. ಅವಳು ಫಾರಂ ತುಂಬಲಿಲ್ಲ. ಶಾಲೆ ಮೇಡಂನಂಥ ದುಂಡು ಅಕ್ಷರದಲ್ಲಿ ಈಟನ್ ಸಾಹೇಬರಿಗೇ ಒಂದು ಕಾಗದ ಬರೆದಳು. ಪಾರ್ಸೆಲ್ ಬಂತು. ತೆರೆದರೆ ಒಳಗೆ ನೀಲಿ ಬಿಳಿ ಅಂಗಿ, ಎದೆಯ ಮೇಲೆ ಮೇಪಲ್ ಎಲೆ. ಎದುರಾಳಿ ಟೊರಾಂಟೊ ತಂಡದ ಅಂಗಿ.

ಹುಡುಗ ಅತ್ತ. ವಾಪಸ್ ಕಳಿಸು ಎಂದ. ತಾಯಿ ಒಪ್ಪಲಿಲ್ಲ. ಅವಳ ಯೋಚನೆ ಕೇಳಿ: ಈಟನ್ ಸಾಹೇಬರು ಇಂಗ್ಲಿಷಿನವರು, ಟೊರಾಂಟೊ ತಂಡ ಅಂದರೆ ಅವರಿಗೆ ಇಷ್ಟ. ಅಂಗಿ ವಾಪಸ್ ಕಳಿಸಿದರೆ ಮನಸ್ಸಿಗೆ ಬೇಜಾರು ಮಾಡಿಕೊಳ್ಳುತ್ತಾರೆ. ಆಮೇಲೆ ಅವರು ಉತ್ತರ ಬರೆಯುವ ಹೊತ್ತಿಗೆ ಚಳಿಗಾಲವೇ ಮುಗಿದಿರುತ್ತದೆ. ಕ್ವಿಬೆಕ್‌ನ ಒಂದು ಸಣ್ಣ ಮನೆ ಇಂಗ್ಲಿಷರ ದೊಡ್ಡ ಅಂಗಡಿಯನ್ನು ಹೇಗೆ ನೋಡುತ್ತಿತ್ತು ಎಂಬುದು ಇಷ್ಟರಲ್ಲೇ ಕಾಣುತ್ತದೆ. ಇತಿಹಾಸದ ಒಂದು ಅಧ್ಯಾಯ ಓದಿದರೂ ಇದು ಇಷ್ಟು ಚೆನ್ನಾಗಿ ಮನಸ್ಸಿಗೆ ಹತ್ತುವುದಿಲ್ಲ.

ಆ ಅಂಗಿಯಲ್ಲೇ ಹುಡುಗ ಆಟಕ್ಕೆ ಹೋದ. ಅವನನ್ನು ಹೊರಗೆ ಕೂರಿಸಿದರು. ಒಬ್ಬ ಹುಡುಗನಿಗೆ ಏಟು ಬಿದ್ದಾಗ ಇವನು ಅಂಗಳಕ್ಕೆ ಹಾರಿದ. ತಕ್ಷಣ ಸೀಟಿ. ಐದು ಜನ ಆಗಲೇ ಇದ್ದಾರೆ, ನೀನು ಜಾಸ್ತಿ! ಸಿಟ್ಟಿನಲ್ಲಿ ಕೋಲನ್ನು ಮಂಜಿಗೆ ಬಡಿದ, ಕೋಲು ಮುರಿಯಿತು. ರೆಫರಿಯೇ ಊರಿನ ಪಾದ್ರಿ. ಚರ್ಚಿಗೆ ಹೋಗಿ ದೇವರಲ್ಲಿ ಕ್ಷಮೆ ಕೇಳು ಎಂದು ಕಳಿಸಿದರು. ಹುಡುಗ ಹೋದ, ಮಂಡಿ ಊರಿದ, ಬೇಡಿಕೊಂಡ. ಏನಂತ? ನುಸಿ ಹುಳುಗಳನ್ನು ಬೇಗ ಕಳಿಸಪ್ಪಾ ದೇವರೇ, ಈ ಅಂಗಿಯನ್ನು ತಿಂದುಹಾಕಲಿ ಅಂತ.

ಕಥೆ ಹುಟ್ಟಿದ್ದು ಹೇಗೆ ಎಂಬುದು ಇನ್ನೂ ಒಳ್ಳೆಯ ಪ್ರಶ್ನೆ. ಕ್ವಿಬೆಕ್ ಕೆನಡಾದಿಂದ ಬೇರೆಯಾಗಬೇಕೇ ಬೇಡವೇ ಎಂಬ ಚರ್ಚೆ ಜೋರಾಗಿದ್ದ ಕಾಲ ಅದು. 1980ರ ಮೇ ತಿಂಗಳಲ್ಲಿ ಜನಮತ ಗಣನೆಯೂ ನಡೆಯಿತು. ಕ್ವಿಬೆಕ್‌ಗೆ ನಿಜಕ್ಕೂ ಏನು ಬೇಕು ಎಂದು ವಿವರಿಸಿ ಎಂದು ಕೆನಡಾದ ಸರ್ಕಾರಿ ಪ್ರಸಾರ ಸಂಸ್ಥೆ ಕ್ಯಾರಿಯೇ ಅವರನ್ನು ಕೇಳಿತು. ಅವರು ಪ್ರಬಂಧ ಬರೆಯಲು ಕೂತರು, ಆಗಲಿಲ್ಲ. ಕೊನೆಗೆ ತಮ್ಮ ಬಾಲ್ಯದ ಈ ಅಂಗಿಯ ಕಥೆ ಬರೆದುಕೊಟ್ಟರು. ಶೀಲಾ ಫಿಶ್‌ಮನ್ ಇಂಗ್ಲಿಷಿಗೆ ತಂದರು. 1980ರಲ್ಲಿ ಶೆಲ್ಡನ್ ಕೋಹೆನ್ ಅದನ್ನು ಅನಿಮೇಷನ್ ಚಿತ್ರ ಮಾಡಿದರು, ಅದಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. 1984ರಲ್ಲಿ ಅವರದ್ದೇ ಚಿತ್ರಗಳ ಜೊತೆ ಮಕ್ಕಳ ಪುಸ್ತಕವಾಯಿತು. ಕಥೆಯ ಮೊದಲ ಸಾಲುಗಳು 2002ರಲ್ಲಿ ಬಂದ ಕೆನಡಾದ ಐದು ಡಾಲರ್ ನೋಟಿನ ಮೇಲೆ ಅಚ್ಚಾದವು. 2009ರಲ್ಲಿ ಗಗನಯಾತ್ರಿ ರಾಬರ್ಟ್ ಥರ್ಸ್ಕ್ ಪುಸ್ತಕವನ್ನು ಅಂತರಿಕ್ಷ ನಿಲ್ದಾಣಕ್ಕೇ ಒಯ್ದರು. ನೋಟಿಗೂ ಹತ್ತಿ, ಬಾಹ್ಯಾಕಾಶಕ್ಕೂ ಹೋದ ಮಕ್ಕಳ ಕಥೆ ಯಾವುದು ಎಂದು ಕೇಳಿದರೆ ಎಷ್ಟು ಚೆನ್ನಾಗಿರುತ್ತದೆ ನೋಡಿ.

ಇನ್ನು ಆ ಹುಡುಗರೆಲ್ಲ ಆರಾಧಿಸಿದ ರಿಶಾರ್. 1944-45ರಲ್ಲಿ 50 ಪಂದ್ಯಕ್ಕೆ 50 ಗೋಲು ಹೊಡೆದವರು. 1955ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ನಡೆದ ಜಗಳದಲ್ಲಿ ಒಬ್ಬ ಲೈನ್ಸ್‌ಮನ್‌ಗೆ ಹೊಡೆದರು. ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಅವರನ್ನು ಆ ಋತುವಿನ ಉಳಿದ ಎಲ್ಲ ಪಂದ್ಯಗಳಿಂದ ಹೊರಗಿಟ್ಟರು. ಮಾರ್ಚ್ 17ರ ರಾತ್ರಿ ಕ್ಯಾಂಪ್‌ಬೆಲ್ ಪಂದ್ಯ ನೋಡಲು ರಿಶಾರ್ ತಂಡದ ಕ್ರೀಡಾಂಗಣ ಮಾಂಟ್ರಿಯಲ್ ಫೋರಂಗೆ ಬಂದರು. ಜನ ಟೊಮೆಟೊ, ಮೊಟ್ಟೆ ಎಸೆದರು. ಅಶ್ರುವಾಯು ಸಿಡಿಯಿತು. ಪಂದ್ಯ ನಿಂತಿತು, ಗಲಭೆ ಬೀದಿಗೆ ಬಂತು. ಮರುದಿನ ರಿಶಾರ್ ರೇಡಿಯೊದಲ್ಲಿ ಮಾತಾಡಿ ಶಾಂತವಾಗಿರಿ ಎಂದು ಕೇಳಿಕೊಂಡರು. ಆ ವರ್ಷದ ಅಂಕಪಟ್ಟಿಯಲ್ಲಿ ಅವರು ಒಂದೇ ಒಂದು ಅಂಕದಿಂದ ಮೊದಲ ಸ್ಥಾನ ಕಳೆದುಕೊಂಡರು, ಅದೂ ತಮ್ಮದೇ ತಂಡದ ಜೆಫ್ರಿಯಾನ್‌ಗೆ. ಮಾತು ಕಡಿಮೆ ಆಡುತ್ತಿದ್ದ ಒಬ್ಬ ಆಟಗಾರರ ಹಿಂದೆ ಫ್ರೆಂಚ್ ಮಾತಾಡುವ ಇಡೀ ಜನ ಯಾಕೆ ನಿಂತರು ಎಂಬುದು ಆ ಅಂಗಿಯ ಕಥೆ ಓದಿದವರಿಗೆ ಬೇಗ ಅರ್ಥವಾಗುತ್ತದೆ. ನನ್ನ ಮಟ್ಟಿಗೆ ಈ ಎರಡನ್ನೂ ಬೇರೆಬೇರೆ ಸುತ್ತಿನಲ್ಲಿ ಕೇಳುವುದೇ ತಪ್ಪು.

ಒಂಬತ್ತರ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಡೆಟ್ರಾಯಿಟ್‌ನ ಗಾರ್ಡಿ ಹೌ ಕೂಡ 9 ನಂಬರಿನವರೇ. ಅವರ ಮೊದಲ ನಂಬರ್ 17. ಬದಲಾಯಿಸಿದ್ದು ಯಾಕೆ? ಆಗ ತಂಡಗಳು ಊರಿಂದ ಊರಿಗೆ ರೈಲಿನಲ್ಲೇ ಹೋಗುತ್ತಿದ್ದವು. ಸಣ್ಣ ನಂಬರ್ ಇದ್ದವರಿಗೆ ಲೋಯರ್ ಬರ್ತ್ ಸಿಗುತ್ತಿತ್ತು! ರಾತ್ರಿ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿಬರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ವೇಯ್ನ್ ಗ್ರೆಟ್ಸ್‌ಕಿ ಎಂಬ ಹುಡುಗನಿಗೆ ಹೌ ಅಂದರೆ ದೇವರು. 9 ಬೇಕು ಎಂದ. ತಂಡದಲ್ಲಿ ಅದು ಬೇರೆಯವರ ಹತ್ತಿರ ಇತ್ತು. ಹಾಗಾದರೆ ಎರಡು ಒಂಬತ್ತು ಹಾಕಿಕೋ ಎಂದರು ಕೋಚ್. 99 ಹುಟ್ಟಿತು. ಇವತ್ತು ಆ ಲೀಗ್‌ನಲ್ಲಿ ಬೇರೆ ಯಾರಿಗೂ 99 ಕೊಡುವುದಿಲ್ಲ.

ಗ್ರೆಟ್ಸ್‌ಕಿ ಹೊಡೆದ ಗೋಲು 894. ಅತಿ ಹೆಚ್ಚು ಗೋಲು ಯಾರದ್ದು ಎಂಬ ಪ್ರಶ್ನೆಗೆ ವರ್ಷಗಟ್ಟಲೆ ಅದೇ ಉತ್ತರ. 2025ರ ಏಪ್ರಿಲ್ 6ರಂದು ಅಲೆಕ್ಸಾಂಡರ್ ಒವೆಚ್ಕಿನ್ 895ನೆಯದನ್ನು ಹೊಡೆದರು. ಕಾರ್ಡಿನ ಮೇಲೆ ಅಚ್ಚಾದ ಉತ್ತರ ಒಂದೇ ರಾತ್ರಿಯಲ್ಲಿ ಹಳೆಯದಾಯಿತು. ಲೋಯರ್ ಬರ್ತಿನ ಕಥೆ ಮಾತ್ರ ಹಾಗೇ ಇದೆ.

ಈಗ ಒಂದು ಕರಡಿ. 1914ರ ಆಗಸ್ಟ್‌ನಲ್ಲಿ ಕೆನಡಾದಿಂದ ಹ್ಯಾರಿ ಕೋಲ್‌ಬರ್ನ್ ಎಂಬ ಪಶುವೈದ್ಯರು ಮೊದಲ ಮಹಾಯುದ್ಧಕ್ಕೆ ಹೊರಟಿದ್ದರು. ವೈಟ್ ರಿವರ್ ಎಂಬ ಊರಲ್ಲಿ ರೈಲು ನಿಂತಾಗ, ತಾಯಿ ಸತ್ತ ಒಂದು ಕರಡಿ ಮರಿಯನ್ನು ಒಬ್ಬ ಬೇಟೆಗಾರ ಮಾರುತ್ತಿದ್ದ. 20 ಡಾಲರ್ ಕೊಟ್ಟು ಕೊಂಡರು. ತಮ್ಮ ಊರು ವಿನಿಪೆಗ್‌ನ ಹೆಸರಿನಿಂದ ಅದನ್ನು ವಿನ್ನಿ ಎಂದು ಕರೆದರು. ಫ್ರಾನ್ಸಿಗೆ ಹೋಗುವ ಮುಂಚೆ ಲಂಡನ್ ಮೃಗಾಲಯದಲ್ಲಿ ಬಿಟ್ಟರು. ಅಲ್ಲಿ ಅದನ್ನು ನೋಡಿ ಮೆಚ್ಚಿದ ಹುಡುಗ ಕ್ರಿಸ್ಟಫರ್ ರಾಬಿನ್. ಅವನ ತಂದೆ ಎ. ಎ. ಮಿಲ್ನ್ 1926ರಲ್ಲಿ 'ವಿನ್ನಿ ದ ಪೂ' ಬರೆದರು. ಮೃಗಾಲಯದ ವಿನ್ನಿ ಹೆಣ್ಣು, ಪುಸ್ತಕದ ವಿನ್ನಿ ಗಂಡು. ಇದೂ ಒಂದು ಪ್ರಶ್ನೆಯೇ.

ಅದೇ ವಿನಿಪೆಗ್‌ನಲ್ಲಿ ಫಾಲ್ಕನ್ಸ್ ಎಂಬ ಹಾಕಿ ತಂಡ ಇತ್ತು. ಹೆಚ್ಚಿನವರು ಐಸ್‌ಲ್ಯಾಂಡ್‌ನಿಂದ ವಲಸೆ ಬಂದವರ ಮಕ್ಕಳು. ಅವರೂ ಅದೇ ಯುದ್ಧಕ್ಕೆ ಹೋದರು. ಇಬ್ಬರು ವಾಪಸ್ ಬರಲಿಲ್ಲ. ಉಳಿದವರು ಮತ್ತೆ ತಂಡ ಕಟ್ಟಿದರು. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋಗಿ, ಸ್ವೀಡನ್ ಅನ್ನು 12-1ರಿಂದ ಸೋಲಿಸಿ, ಐಸ್ ಹಾಕಿಯ ಮೊಟ್ಟಮೊದಲ ಒಲಿಂಪಿಕ್ ಚಿನ್ನ ಗೆದ್ದರು. ಅದು ಬೇಸಿಗೆ ಒಲಿಂಪಿಕ್ಸ್! ಚಳಿಗಾಲದ ಒಲಿಂಪಿಕ್ಸ್ ಶುರುವಾಗಿದ್ದು 1924ರಲ್ಲಿ. ಕರಡಿಗೆ ಹೆಸರು ಕೊಟ್ಟ ಊರಿನ ಯಾವ ತಂಡ ಯುದ್ಧದಿಂದ ಮರಳಿ ಚಿನ್ನ ಗೆದ್ದಿತು ಎಂದು ಕೇಳಿ ನೋಡಿ. ಪುಸ್ತಕ ಓದುವವರು ಊರು ಹೇಳುತ್ತಾರೆ, ಆಟ ನೋಡುವವರು ತಂಡ ಹೇಳುತ್ತಾರೆ. ಒಂದು ಮೇಜಿನ ನಾಲ್ಕು ಜನ ಪರಸ್ಪರ ಮಾತಾಡದೇ ಉತ್ತರ ಬರುವುದೇ ಇಲ್ಲ.

ನಮ್ಮಲ್ಲಿ ಇದಕ್ಕೆ ಒಳ್ಳೆಯ ನೆಲ ಇದೆ. ಬೆಂಗಳೂರಿನ ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಿಂದ ಇದೆ. ಚಂದನ ವಾಹಿನಿಯ 'ಥಟ್ ಅಂತ ಹೇಳಿ'ಯಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ ಸರಿಯುತ್ತರಕ್ಕೆ ಕನ್ನಡ ಪುಸ್ತಕಗಳನ್ನೇ ಕೊಡುತ್ತಾ ಬಂದಿದ್ದಾರೆ. ಉತ್ತರ ಹೇಳಿದವರು ಇನ್ನಷ್ಟು ಓದಲು ಮನೆಗೆ ಹೋಗುತ್ತಾರೆ. ಇದಕ್ಕಿಂತ ಒಳ್ಳೆಯ ಬಹುಮಾನ ನನಗೆ ತೋಚುವುದಿಲ್ಲ. ಇವತ್ತೂ ಹಾಗೇ ಮಾಡಿದ್ದೇವೆ. ಮಕ್ಕಳ ಪುಸ್ತಕಗಳು ಆ ಮೇಜಿನ ಮೇಲಿವೆ.

ಈಗ ಕಾಗದ, ಪೆನ್ನು ತೆಗೆದುಕೊಳ್ಳಿ. ಮೊದಲ ಪ್ರಶ್ನೆ. ಮಾಂಟ್ರಿಯಲ್‌ನ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಬಿಡುವಿನಲ್ಲಿ ತಮ್ಮ ಉಣ್ಣೆ ಟೋಪಿಗಳನ್ನು ತಾವೇ ಹೆಣೆದುಕೊಳ್ಳುತ್ತಿದ್ದರು. 1959ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಪಕ್ ಬಡಿದು ಅವರ ಮುಖ ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದವರು, ಮುಖವಾಡ ಇಲ್ಲದೇ ಮತ್ತೆ ಇಳಿಯುವುದಿಲ್ಲ ಎಂದರು. ಪಂದ್ಯದಲ್ಲಿ ಮುಖವಾಡ ಹಾಕುವುದು ಕೋಚ್‌ಗೆ ಇಷ್ಟವೇ ಇರಲಿಲ್ಲ. ಆದರೂ ಒಪ್ಪಿಕೊಳ್ಳಬೇಕಾಯಿತು. ಯಾಕೆ? ಸುಳಿವು ಕೊಡುತ್ತೇನೆ: ಆಗಿನ ತಂಡಗಳು ಬೇರೆ ಊರಿಗೆ ಹೋಗುವಾಗ ಎಷ್ಟು ಗೋಲ್‌ಕೀಪರ್‌ಗಳನ್ನು ಕರೆದುಕೊಂಡು ಹೋಗುತ್ತಿದ್ದವು ಎಂದು ಯೋಚಿಸಿ. ಎರಡು ನಿಮಿಷ ಸಮಯ. ಅಕ್ಕಪಕ್ಕದವರ ಜೊತೆ ಮಾತಾಡಿಕೊಳ್ಳಿ.