ಮಾರಿಯೋ ಬಾವಾ: ಬೆಳಕು ಬಲ್ಲ ನಿರ್ದೇಶಕ

ಕೇಳುಗರಿಗೆ ನಮಸ್ಕಾರ. ಇಟಲಿಯ ಸಿನಿಮಾ ಎಂದೊಡನೆ ನಮಗೆ ಡಿ ಸಿಕಾ, ಫೆಲಿನಿ ಅವರ ಹೆಸರುಗಳು ನೆನಪಾಗುತ್ತವೆ. ಭಯಾನಕ ಹಾಗೂ ಪತ್ತೇದಾರಿ ಚಿತ್ರಗಳಿಂದಲೇ ಹೆಚ್ಚು ಹೆಸರಾದ ಮಾರಿಯೋ ಬಾವಾ ಅವರಿಗೂ ಆ ಸಾಲಿನಲ್ಲಿ ಸ್ಥಾನವಿರಬೇಕೆಂದು ನಾನು ನಂಬಿದ್ದೇನೆ.

1914ರಲ್ಲಿ ಸಾನ್‌ರೆಮೋದಲ್ಲಿ ಹುಟ್ಟಿದ ಬಾವಾ ಮೊದಲು ಕಲಿತದ್ದು ಚಿತ್ರಕಲೆಯನ್ನು. ತಂದೆ ಯುಜೇನಿಯೋ ಶಿಲ್ಪಿಯಾಗಿದ್ದು, ಮೂಕಿಚಿತ್ರಗಳ ಕಾಲದಲ್ಲಿ ಕ್ಯಾಮೆರಾ ಮತ್ತು ತಂತ್ರದೃಶ್ಯಗಳ ಕೆಲಸಕ್ಕೆ ಬಂದವರು. ಮಗನೂ ಛಾಯಾಗ್ರಾಹಕನಾದರು. 1957ರಲ್ಲಿ ತೆರೆ ಕಂಡ ‘ಇ ವಂಪೀರಿ’ ಚಿತ್ರವನ್ನು ನಿರ್ದೇಶಕ ರಿಕಾರ್ಡೋ ಫ್ರೇಡಾ ಅರ್ಧಕ್ಕೇ ಬಿಟ್ಟು ಹೋದಾಗ ಅದನ್ನು ಮುಗಿಸಿಕೊಟ್ಟವರು ಬಾವಾ. ಅದರಲ್ಲಿ ಸುಂದರಿಯೊಬ್ಬಳ ಮುಖ ಒಂದೇ ಶಾಟ್‌ನಲ್ಲಿ ಮುಪ್ಪಾಗುತ್ತದೆ. ಬಣ್ಣದ ಮೇಕಪ್‌ನಲ್ಲಿ ಬರೆದ ಸುಕ್ಕುಗಳು ಅದೇ ಬಣ್ಣದ ಬೆಳಕಿನಲ್ಲಿ ಕಪ್ಪು-ಬಿಳುಪು ಫಿಲ್ಮಿಗೆ ಕಾಣದೆ ಉಳಿದು, ಬೆಳಕಿನ ಬಣ್ಣ ಬದಲಾದೊಡನೆ ಕಪ್ಪಾಗಿ ಮೂಡುತ್ತವೆ. ಎಡಿಟಿಂಗ್ ಮೇಜಿನ ಹಂಗಿಲ್ಲದೆ, ಕ್ಯಾಮೆರಾದ ಮುಂದೆಯೇ ನಡೆದ ಈ ಪವಾಡದಲ್ಲಿ ಅವರ ಮುಂದಿನ ಕಲೆಯೆಲ್ಲವೂ ಅಡಗಿದೆ.

ರಷ್ಯದ ಗೊಗೊಲ್‌ನ ಕಥೆಯೊಂದರ ಎಳೆ ಹಿಡಿದು, ಬಾರ್ಬರಾ ಸ್ಟೀಲ್ ಅವರನ್ನು ದ್ವಿಪಾತ್ರದಲ್ಲಿಟ್ಟು 1960ರಲ್ಲಿ ತೆಗೆದ ‘ಲಾ ಮಾಸ್ಕೆರಾ ದೆಲ್ ದೆಮೋನಿಯೋ’ ಅವರಿಗೆ ನಿರ್ದೇಶಕರೆಂಬ ಹೆಸರು ತಂದಿತು. 1964ರಲ್ಲಿ ಫ್ಯಾಷನ್ ಮಳಿಗೆಯೊಂದರ ಕೊಲೆಗಳ ಸುತ್ತ ಹೆಣೆದ ಚಿತ್ರದಲ್ಲಿ ಮುಖ ಮುಚ್ಚಿದ ಕೊಲೆಗಾರನನ್ನು ಕೆಂಪು, ಹಸಿರು, ನೇರಳೆ ಬೆಳಕಿನ ನಡುವೆ ಓಡಾಡಿಸಿದ ರೀತಿಯೇ ‘ಜಾಲ್ಲೋ’ ಎಂಬ ಇಟಲಿಯ ಪತ್ತೇದಾರಿ ಚಿತ್ರಪ್ರಕಾರಕ್ಕೆ ರೂಪ ಕೊಟ್ಟಿತು. ಮರುವರ್ಷ ಅನ್ಯಗ್ರಹವೊಂದನ್ನು ತೋರಿಸಬೇಕಾಗಿ ಬಂದಾಗ, ಕೈಯಲ್ಲಿ ಹಣವಿಲ್ಲದ ಬಾವಾ, ಪ್ಲಾಸ್ಟಿಕ್ ಬಂಡೆಗಳು, ಕನ್ನಡಿಗಳು ಹಾಗೂ ದಟ್ಟ ಹೊಗೆಯಿಂದಲೇ ಆ ಲೋಕವನ್ನು ಕಟ್ಟಿದರು. ಆ ಬಡತನ ಪರದೆಯ ಮೇಲೆ ಎಲ್ಲಿಯೂ ಕಾಣುವುದಿಲ್ಲ. 1968ರಲ್ಲಿ ದೀನೋ ದೆ ಲಾರೆಂತೀಸ್ ಅವರಂಥ ದೊಡ್ಡ ನಿರ್ಮಾಪಕರು ಕಾಮಿಕ್ಸ್ ಆಧರಿಸಿದ ‘ಡಯಾಬೊಲಿಕ್’ ಚಿತ್ರವನ್ನು ಒಪ್ಪಿಸಿದಾಗಲೂ ಅವರು ಮಿತವ್ಯಯದ ಅಭ್ಯಾಸವನ್ನು ಬಿಡಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಅವರ ಕೊನೆಯ ವರ್ಷಗಳು. 1974ರಲ್ಲಿ, ದರೋಡೆಕೋರರು ಒತ್ತೆಯಾಳುಗಳೊಡನೆ ಪರಾರಿಯಾಗುವ ಕಥೆಯನ್ನು ಬಹುಪಾಲು ಒಂದು ಕಾರಿನೊಳಗೇ, ಹಾಡಹಗಲಿನ ಬಿಸಿಲಿನಲ್ಲಿ ಚಿತ್ರೀಕರಿಸಿದರು. ತಮಗೆ ಹೆಸರು ತಂದ ಬಣ್ಣದ ಬೆಳಕನ್ನೆಲ್ಲ ಬದಿಗಿಟ್ಟು, ಅರವತ್ತರ ಹೊಸ್ತಿಲಲ್ಲಿ ಹೊಸ ದಾರಿ ಹಿಡಿಯಲು ಎಂಥ ಧೈರ್ಯ ಬೇಕು! ಆದರೆ ನಿರ್ಮಾಪಕರು ದಿವಾಳಿಯಾದ ಕಾರಣ ಚಿತ್ರ ತೆರೆ ಕಾಣಲಿಲ್ಲ. ಬಾವಾ 1980ರಲ್ಲಿ ತೀರಿಕೊಂಡರು. ‘ಕಾನಿ ಅರ್‌ರಬ್ಯಾತಿ’ ಎಂಬ ಆ ಚಿತ್ರ ಪ್ರೇಕ್ಷಕರನ್ನು ತಲುಪಿದ್ದು 1990ರ ದಶಕದಲ್ಲಿ.