ಜೇನಿನ ವಿಳಾಸ ಅಳಿಸಬೇಡಿ

ಜೇನಿನ ಬಾಟಲಿ ಕೈಗೆ ಬಂದರೆ ನಾವು ಮೊದಲು ಮಾಡುವ ಕೆಲಸ ಏನು ಹೇಳಿ? ಬೆಳಕಿಗೆ ಹಿಡಿದು ನೋಡುತ್ತೇವೆ. ಗಾಜಿನ ಹಾಗೆ ತಿಳಿಯಾಗಿದ್ದರೆ ಸಮಾಧಾನ, ಸ್ವಲ್ಪ ಮಬ್ಬಾಗಿದ್ದರೆ ಅನುಮಾನ. ಈ ಲೆಕ್ಕ ತಲೆಕೆಳಗಾಗಿದೆ ಅಂತ ಹೇಳೋಕೇ ಇವತ್ತು ಮೈಕ್ ಮುಂದೆ ಕೂತಿದ್ದೇನೆ. ಆ ಮಬ್ಬಿಗೆ ಒಂದು ಕಾರಣ ಪರಾಗ. ಜೇನು ಯಾವ ಹೂವಿನದು, ಯಾವ ಕಡೆಯದು ಅನ್ನೋ ಸುಳಿವು ಇರುವುದು ಅದರಲ್ಲೇ.

ಪರೀಕ್ಷೆ ಮಾಡುವ ರೀತಿ ಬಹಳ ಸರಳ. 10 ಗ್ರಾಂ ಜೇನನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸುತ್ತಾರೆ. ಸೆಂಟ್ರಿಫ್ಯೂಜ್‌ನಲ್ಲಿ ಗರಗರ ತಿರುಗಿಸುತ್ತಾರೆ. ನೀರು ಬಸಿದರೆ ತಳದಲ್ಲಿ ಚಿಟಿಕೆಗೂ ಸಿಗದಷ್ಟು ಗಸಿ ಉಳಿಯುತ್ತದೆ. ಅದನ್ನು ಸ್ಲೈಡಿಗೆ ಹಚ್ಚಿ, ಫ್ಯೂಕ್ಸಿನ್ ಅನ್ನೋ ಗುಲಾಬಿ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಾರೆ.

ಮೊದಲ ಸಲ ಕಣ್ಣಿಟ್ಟು ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಸೂರ್ಯಕಾಂತಿಯ ಪರಾಗ ಮೈತುಂಬ ಮುಳ್ಳಿರುವ ಚೆಂಡು. ನೀಲಗಿರಿ ಮರದ್ದು ಮೂಲೆ ತಿದ್ದಿದ ಪುಟಾಣಿ ತ್ರಿಕೋನ. ಅಕೇಶಿಯಾದ್ದು ಒಂಟಿಯಾಗಿ ಬರುವುದೇ ಇಲ್ಲ, ಸಾಮಾನ್ಯವಾಗಿ 16 ಕಣ ಒಟ್ಟಿಗೆ ಅಂಟಿಕೊಂಡ ಉಂಡೆ. ಪೈನ್ ಮರದ ಕಣಕ್ಕೆ ಎರಡು ಗಾಳಿಚೀಲ, ಥೇಟ್ ಕಿವಿಗಳ ಹಾಗೆ. ಇದನ್ನೆಲ್ಲ ಓದುವ ವಿದ್ಯೆಗೆ ಮೆಲಿಸ್ಸೋಪಾಲಿನಾಲಜಿ ಅಂತ ಹೆಸರು. ಹೆಸರು ನಾಲಿಗೆ ತಿರುಚುತ್ತದೆ, ನಿಜ.

ಈ ಕಣಗಳ ಹೊರಗೋಡೆ ಸ್ಪೋರೋಪೊಲೆನಿನ್ ಅನ್ನೋ ವಸ್ತುವಿನದು. ಮಹಾ ಗಟ್ಟಿ, ಆಸಿಡ್‌ಗೂ ಸುಲಭಕ್ಕೆ ಬಗ್ಗುವುದಿಲ್ಲ. 1916ರಲ್ಲೇ ಸ್ವೀಡನ್ನಿನ ಲೆನ್ನಾರ್ಟ್ ಫಾನ್ ಪೋಸ್ಟ್, ಜೌಗುನೆಲದಲ್ಲಿ ಹುದುಗಿದ್ದ ಪರಾಗ ಎಣಿಸಿ ಸಾವಿರಾರು ವರ್ಷ ಹಿಂದೆ ಅಲ್ಲಿ ಯಾವ ಕಾಡಿತ್ತು ಅಂತ ತೋರಿಸಿದ್ದರು. ಅಷ್ಟು ಕಾಲ ಬಾಳುವ ಗುರುತು ಜೇನಿನ ಬಾಟಲಿಯಲ್ಲಿ ಉಳಿಯುವುದು ಯಾವ ಲೆಕ್ಕ?

ಆದರೆ ಸುಮ್ನೆ ಎಣಿಸಿದರೆ ಸಾಲದು. ಒಂದೇ ಹೂವಿನ ಜೇನು ಅನ್ನಬೇಕಾದರೆ ಸಿಕ್ಕ ಒಟ್ಟು ಪರಾಗದಲ್ಲಿ ಆ ಹೂವಿನದು ಶೇಕಡ 45ರಷ್ಟಾದರೂ ಇರಬೇಕು ಅನ್ನೋದು ಹಳೆಯ ಅಳತೆ. ಕಿತ್ತಳೆ, ನಿಂಬೆ ಜಾತಿಗೆ ಇದು ಹೊಂದುವುದಿಲ್ಲ. ಅವುಗಳಲ್ಲಿ ಮಕರಂದ ಜಾಸ್ತಿ, ಪರಾಗ ಕಡಿಮೆ. ಚೆಸ್ಟ್‌ನಟ್ ಮರದ್ದು ಪೂರ್ತಿ ಉಲ್ಟಾ, ಅಲ್ಲಿ ಶೇಕಡ 90 ಇದ್ದರೂ ಯೋಚಿಸಬೇಕು. ಅದೂ ಅಲ್ಲದೆ ಜೇನುಹುಳದ ಹೊಟ್ಟೆಯೊಳಗೇ ಒಂದು ಜರಡಿ ಇದೆ, ದೊಡ್ಡ ಕಣಗಳನ್ನು ಅದು ಮೊದಲೇ ಹಿಡಿದುಬಿಡುತ್ತದೆ. ನ್ಯೂಜಿಲೆಂಡಿನ ಮನುಕಾ ಗಿಡದ ಜೇನು ಗೊತ್ತಲ್ವಾ? ಅದರ ಪರಾಗವೂ ಪಕ್ಕದ ಕನುಕಾ ಗಿಡದ ಪರಾಗವೂ ಮೈಕ್ರೋಸ್ಕೋಪಿನಲ್ಲಿ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಅದಕ್ಕೇ ಅಲ್ಲಿನ ಸರ್ಕಾರ ನಾಲ್ಕು ರಾಸಾಯನಿಕ ಗುರುತುಗಳ ಜೊತೆ ಪರಾಗದ ಡಿಎನ್‌ಎಯನ್ನೂ ನೋಡುತ್ತದೆ.

ಇಷ್ಟೆಲ್ಲ ಹೇಳುವ ಈ ಪುಡಿಯನ್ನು ಕೆಲವರು ಒತ್ತಡ ಹಾಕಿ, ಅತಿ ಸಣ್ಣ ಜರಡಿಯಲ್ಲಿ ಸೋಸಿ ತೆಗೆದುಬಿಡುತ್ತಾರೆ. ಯಾಕೆ? ಪರಾಗ ಇಲ್ಲದಿದ್ದರೆ ಜೇನು ಬೇಗ ಹರಳುಗಟ್ಟುವುದಿಲ್ಲ, ಕಪಾಟಿನಲ್ಲಿ ತಿಂಗಳುಗಟ್ಟಲೆ ಹೊಳೆಯುತ್ತದೆ. ಜೊತೆಗೆ ಅದು ಎಲ್ಲಿಂದ ಬಂತು ಅಂತ ಕೇಳುವ ದಾರಿಯೂ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಕಸಕಡ್ಡಿ ಸೋಸಿ, ಯಾರೂ ಬೇಡ ಅನ್ನುವುದಿಲ್ಲ. ಕಸ ತೆಗೆಯುವಾಗ ತಪ್ಪಿಸಲಾಗದಷ್ಟು ಬಿಟ್ಟರೆ ಪರಾಗ ತೆಗೆಯಬಾರದು ಅಂತ ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡವೇ ಹೇಳುತ್ತದೆ. ಲೇಬಲ್ ಮೇಲೆ ಹೂವಿನ ಹೆಸರು ಹಾಕುವವರು ಪರಾಗದ ವರದಿಯನ್ನೂ ತೋರಿಸಲಿ. ಕಡ್ಡಾಯವಾಗಿ ತೋರಿಸಲಿ.

ಆ ವರದಿ ಬರೆಯಲು ಜನ ಬೇಕು. ಒಬ್ಬರು ಋತು ಋತುವಿಗೂ ಹೊಲ, ಬೇಲಿ, ಕಾಡು ಸುತ್ತಿ, ಒಂದೊಂದು ಹೂವಿನ ಪರಾಗ ಕೊಡವಿ, ಸ್ಲೈಡ್ ಮಾಡಿ, ಗಿಡದ ಹೆಸರು ಬರೆದು ಪೆಟ್ಟಿಗೆಯಲ್ಲಿ ಜೋಡಿಸಿಡಬೇಕು. ಜೇನಿನಲ್ಲಿ ಸಿಕ್ಕ ಕಣವನ್ನು ಆ ಪೆಟ್ಟಿಗೆಯ ಸ್ಲೈಡಿನ ಪಕ್ಕ ಇಟ್ಟು ಹೋಲಿಸಿದಾಗಲೇ ಅದು ಯಾವ ಗಿಡದ್ದು ಅಂತ ಗೊತ್ತಾಗುವುದು. ಇಂಥ ಪೆಟ್ಟಿಗೆಗಳಿಗೆ, ಅವನ್ನು ತುಂಬಿಸುವ ಕಣ್ಣುಗಳಿಗೆ ಮೊದಲು ದುಡ್ಡು ಇಡಿ ಅಂತ ಕೇಳುತ್ತಿದ್ದೇನೆ.