ಕತ್ತೆಕಿರುಬ ಒಯ್ದ ಎಡಗಾಲಿನ ಚಪ್ಪಲಿ: ಮಾನಾ ಪೂಲ್ಸ್‌ನಲ್ಲಿ ಮೂರು ರಾತ್ರಿ

ನಿಮ್ಮ ಫೋನ್ ಕೆಟ್ಟಿಲ್ಲ. ಈ ವೀಡಿಯೊದ ಶುರುವಿನಲ್ಲಿ ಪರದೆ ಕಪ್ಪಾಗಿಯೇ ಇದೆ. ನಾನು ಟೆಂಟ್ ಒಳಗೆ ಮಲಗಿ, ಕ್ಯಾಮೆರಾ ಎದೆಯ ಮೇಲಿಟ್ಟುಕೊಂಡು, ಬರೀ ಸದ್ದು ರೆಕಾರ್ಡ್ ಮಾಡಿದ್ದು ಇದು. ಇಯರ್‌ಫೋನ್ ಹಾಕಿಕೊಂಡು ಕೇಳಿ. ಕರುಂ... ಕರುಂ... ಯಾರೋ ಹುರಿಗಡಲೆ ಅಗಿದ ಹಾಗಿದೆ ಅಲ್ವಾ? ಅದು ಆನೆ. ಟೆಂಟ್ ಬಟ್ಟೆಯಿಂದ ಆಚೆ ನಾಲ್ಕೇ ಹೆಜ್ಜೆ. ನಡುವೆ ಗುರುಗುರು ಅನ್ನುತ್ತಿರುವುದು ಅದರ ಹೊಟ್ಟೆಯೋ, ಅಣ್ಣನ ಗೊರಕೆಯೋ ಅಂತ ನನಗೆ ಅನುಮಾನ. ತಿರುಗಿ ನೋಡಿದರೆ ಅಣ್ಣ ಎದ್ದೇ ಇದ್ದ. ಉಸಿರು ಬಿಗಿಹಿಡಿದು ಮಲಗಿದ್ದ. ಅತ್ತಿಗೆ ಮಾತ್ರ ಆರಾಮಾಗಿ ನಿದ್ದೆ ಹೊಡೆಯುತ್ತಿದ್ದರು.

ಜಾಗ ಯಾವುದು ಅಂದರೆ, ಜಿಂಬಾಬ್ವೆಯ ಮಾನಾ ಪೂಲ್ಸ್ ರಾಷ್ಟ್ರೀಯ ಉದ್ಯಾನ. ಜಾಂಬೆಜಿ ನದಿಯ ದಂಡೆ. ಆಚೆ ದಡ ಜಾಂಬಿಯಾ ದೇಶ, ಅದರ ಹಿಂದೆ ನೀಲಿ ಬೆಟ್ಟದ ಸಾಲು. ನಾವು ಟೆಂಟ್ ಹಾಕಿದ್ದು ನ್ಯಾಮೆಪಿ ಅನ್ನುವ ಕ್ಯಾಂಪ್‌ನಲ್ಲಿ. ನಾನು ಮೈಸೂರಿನವಳು. ಕಾಡಂಚು ಅಂದರೆ ನನಗೆ ಆನೆ ಕಂದಕ, ಸೋಲಾರ್ ಬೇಲಿ, ಹಳೇ ರೈಲು ಕಂಬಿಯ ತಡೆ, ಇವೇ ಕಣ್ಣಿಗೆ ಬರುತ್ತವೆ. ಇಲ್ಲಿ ಕ್ಯಾಂಪ್ ಸುತ್ತ ಒಂದು ಹಗ್ಗ ಕೂಡ ಕಟ್ಟಿಲ್ಲ.

ಸರಿ, ಸ್ವಲ್ಪ ಹಿಂದಕ್ಕೆ ಹೋಗೋಣ.

ಅಣ್ಣ ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಂದ ಇಲ್ಲಿಗೆ ಸುಮಾರು 400 ಕಿಲೋಮೀಟರ್. ಚಿನ್ಹೋಯಿ, ಕರೋಯಿ, ಮಕುಟಿವರೆಗೂ ಡಾಂಬರು ರಸ್ತೆ, ಗಡಿ ಕಡೆ ಹೋಗುವ ಲಾರಿಗಳ ಸಾಲು. ಮಾರೊಂಗೋರಾದ ಉದ್ಯಾನ ಕಚೇರಿಯಲ್ಲಿ ಹೆಸರು ಬರೆಸಿ, ಘಾಟಿ ಇಳಿದು, ಬಲಕ್ಕೆ ತಿರುಗಿದರೆ ಮಣ್ಣು ರಸ್ತೆ. ಒಳಗೆ ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ. ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ನೀರು, ಡೀಸೆಲ್, ಅಕ್ಕಿ, ಬೇಳೆ, ಎಲ್ಲಾ ಹೊತ್ತುಕೊಂಡೇ ಹೋಗಬೇಕು.

ಅಕ್ಕಿ ಅಂದಾಗ ನೆನಪಾಯಿತು. ಅತ್ತಿಗೆ ಚಿತ್ರಾನ್ನಕ್ಕೆ ಅಂತ ಒಂದು ಡಜನ್ ನಿಂಬೆಹಣ್ಣು ಇಟ್ಟುಕೊಂಡಿದ್ದರು. ಇಲ್ಲಿ ಕಿತ್ತಳೆ, ನಿಂಬೆ ಜಾತಿಯ ಹಣ್ಣು ಒಳಗೆ ತರುವ ಹಾಗಿಲ್ಲ. ಆ ವಾಸನೆಗೆ ಆನೆ ಬಂದರೆ ಕಾರಿನ ಬಾಗಿಲನ್ನು ಡಬ್ಬಿ ಮುಚ್ಚಳದ ಹಾಗೆ ಕಿತ್ತುಬಿಡುತ್ತದೆ. ಹನ್ನೆರಡೂ ಹಣ್ಣು ಮಾರೊಂಗೋರಾದಲ್ಲೇ ಬಿಟ್ಟೆವು. "ಪುಳಿಯೋಗರೆ ಗೊಜ್ಜು ಇದೆ, ಹುಣಸೆಗೆ ಆನೆ ಬರಲ್ಲ ತಾನೇ?" ಅಂತ ಅತ್ತಿಗೆ ಕೇಳಿದರು. ಹೆಸರು ಬರೆದುಕೊಳ್ಳುತ್ತಿದ್ದವರಿಗೆ ಆ ಪ್ರಶ್ನೆಯನ್ನು ಅನುವಾದ ಮಾಡಲು ಅಣ್ಣ ಒಪ್ಪಲಿಲ್ಲ.

ಇನ್ನೊಂದು ತಪ್ಪು ನನ್ನದು. ನೀಲಿ ಜೀನ್ಸ್ ಹಾಕಿಕೊಂಡಿದ್ದೆ. ಈ ಕಣಿವೆಯಲ್ಲಿ ತ್ಸೆತ್ಸೆ ನೊಣ ಇದೆ, ಅದಕ್ಕೆ ನೀಲಿ, ಕಪ್ಪು ಅಂದರೆ ಪ್ರಾಣ. ಈ ಕಡೆ ಅದನ್ನು ಹಿಡಿಯುವುದಕ್ಕೂ ನೀಲಿ-ಕಪ್ಪು ಬಟ್ಟೆಯನ್ನೇ ಕಟ್ಟುತ್ತಾರೆ. ಬಟ್ಟೆಗೆ ವಿಷ, ಪಕ್ಕದಲ್ಲಿ ದನದ ಉಸಿರಿನಲ್ಲಿರುವಂಥ ವಾಸನೆಯ ರಾಸಾಯನಿಕ. ದನ ಅಂತ ನೊಣ ಬಂದು ಕೂರುತ್ತದೆ, ಸಾಯುತ್ತದೆ. ನನ್ನ ಜೀನ್ಸ್‌ಗೆ ವಿಷ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಬಟ್ಟೆಯ ಮೇಲಿಂದಲೇ ದಬ್ಬಣ ಚುಚ್ಚಿದ ಹಾಗೆ ಕಚ್ಚುತ್ತದೆ. ಬೈದುಕೊಂಡೇ ಹೇಳುತ್ತಿದ್ದೇನೆ, ಈ ಕಾಡು ಉಳಿದದ್ದಕ್ಕೆ ಆ ನೊಣವೂ ಒಂದು ಕಾರಣ. ಅದು ಹರಡುವ ಕಾಯಿಲೆಗೆ ದನ ಬದುಕುತ್ತಿರಲಿಲ್ಲ. ದನ ಇಲ್ಲದ ಕಡೆ ಊರು ಹೇಗೆ ಬೆಳೆದೀತು?

ಮಾನಾ ಅಂದರೆ ಇಲ್ಲಿಯ ಶೋನಾ ಭಾಷೆಯಲ್ಲಿ ನಾಲ್ಕು. ಜಾಂಬೆಜಿ ಕಾಲಕಾಲಕ್ಕೆ ಉತ್ತರಕ್ಕೆ ಸರಿಯುತ್ತಾ ಹೋಗಿ, ಹಳೇ ಪಾತ್ರದಲ್ಲಿ ನಾಲ್ಕು ದೊಡ್ಡ ಮಡುಗಳನ್ನು ಬಿಟ್ಟುಹೋಗಿದೆ. ಅವುಗಳಲ್ಲಿ ಲಾಂಗ್ ಪೂಲ್ ಸುಮಾರು 6 ಕಿಲೋಮೀಟರ್ ಉದ್ದ. ಒಣಗಾಲದಲ್ಲಿ ಬೆಟ್ಟದ ಕಡೆ ನೀರು ಬತ್ತಿದಾಗ ಎಲ್ಲಾ ಪ್ರಾಣಿಗಳೂ ಇಲ್ಲಿಗೇ ಬರುತ್ತವೆ. ನಾವು ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಇಲ್ಲಿ ಆಗ ಒಣಗಾಲ. ಇಂಪಾಲಾ ಅನ್ನುವ ಜಿಂಕೆಯಂಥ ಪ್ರಾಣಿ, ಜೀಬ್ರಾ, ಕಾಡೆಮ್ಮೆ, ದಡದ ತುಂಬಾ ಮೊಸಳೆ. ಜಿರಾಫೆ ಮಾತ್ರ ಕಾಯಬೇಡಿ, ಇಲ್ಲಿ ಅದು ಇಲ್ಲ. ಖಡ್ಗಮೃಗ ಇತ್ತು. 1980ರ ದಶಕದಲ್ಲಿ ನದಿ ದಾಟಿ ಬಂದ ಬೇಟೆಗಾರರು ಕೊಂಬಿಗಾಗಿ ಕೊಂದು ಕೊಂದು, ಉಳಿದ ಕೆಲವನ್ನು ಬೇರೆ ಕಡೆ ಸಾಗಿಸಬೇಕಾಯಿತು.

ಅದೇ ದಶಕದಲ್ಲಿ ಈ ಜಾಗವೇ ಮುಳುಗುವುದರಲ್ಲಿತ್ತು. ನದಿ ಹರಿದು ಹೋಗುವ ಕಡೆ, ಮುಪಾಟಾ ಕಮರಿಯಲ್ಲಿ ವಿದ್ಯುತ್ ಅಣೆಕಟ್ಟಿನ ಯೋಜನೆ. ಜನ ವಿರೋಧಿಸಿದರು, ಯೋಜನೆ ನಿಂತಿತು. 1984ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆ ತಾಣದ ಪಟ್ಟಿಗೆ ಸೇರಿಸಿತು.

ಈಗ ಈ ಮರಗಳನ್ನು ನೋಡಿ. ಕ್ಯಾಮೆರಾ ನಾನು ಬೇಕಂತಲೇ ನಿಧಾನಕ್ಕೆ ತಿರುಗಿಸಿದ್ದೇನೆ. ಇದರ ಹೆಸರು ಆನಾ ಮರ. ಹೌದು, ಆನೆ ಮರ ಅಂದುಕೊಂಡರೂ ತಪ್ಪೇನಿಲ್ಲ! ಮಳೆಗಾಲದಲ್ಲಿ ಎಲ್ಲಾ ಮರ ಚಿಗುರಿದಾಗ ಇದು ಎಲೆ ಉದುರಿಸುತ್ತದೆ. ಉಳಿದವು ಬೋಳಾಗಿ ನಿಂತಾಗ ಇದು ಹಸಿರು. ಒಣಗಾಲದಲ್ಲಿ ಇದರ ಕಾಯಿ ಉದುರುತ್ತದೆ. ಕಿತ್ತಳೆ ಸಿಪ್ಪೆ ಒಣಗಿಸಿ ಸುರುಳಿ ಸುತ್ತಿದ ಹಾಗೆ ಇರುತ್ತದೆ. ರಾತ್ರಿ ಕರುಂ ಅಂದದ್ದು ಅದೇ. ನಾವು ನೆರಳು ಚೆನ್ನಾಗಿದೆ ಅಂತ ನೋಡಿ ನೋಡಿ ಆನೆಯ ಊಟದ ಎಲೆ ಮೇಲೇ ಟೆಂಟ್ ಹಾಕಿದ್ದೆವು.

ಎರಡನೇ ದಿನ ಬೆಳಿಗ್ಗೆ ಕಾಲ್ನಡಿಗೆ. ಮಾನಾ ಪೂಲ್ಸ್ ಹೆಸರಾದದ್ದೇ ಇದಕ್ಕೆ. ಪರವಾನಗಿ ತೆಗೆದುಕೊಂಡು ಗೈಡ್ ಇಲ್ಲದೆ ನಡೆಯುವವರೂ ಇದ್ದಾರೆ. ನಮಗೆ ಅಷ್ಟು ಧೈರ್ಯ ಇರಲಿಲ್ಲ, ರೈಫಲ್ ಇರುವ ಗೈಡ್ ಜೊತೆ ಹೊರಟೆವು. ಅವರು ಜೇಬಿನಿಂದ ಒಂದು ಪುಟ್ಟ ಬಟ್ಟೆ ಚೀಲ ತೆಗೆದು ಅಲ್ಲಾಡಿಸಿದರು. ಬೂದಿ ಹಾರಿತು. ವಿಭೂತಿ ಹಚ್ಚುತ್ತಾರೇನೋ ಅಂತ ಅತ್ತಿಗೆ ಹಣೆ ಮುಂದೆ ಮಾಡಿದರು, ದೇವರಾಣೆ! ಅದು ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡುವುದಕ್ಕೆ. ನಮ್ಮ ವಾಸನೆ ಮೊದಲು ಮುಟ್ಟಿದರೆ ಆನೆ ಹೊರಟುಹೋಗುತ್ತದೆ, ಇಲ್ಲಾ ನಮ್ಮ ಕಡೆಗೇ ಬರುತ್ತದೆ.

ದೊಡ್ಡ ಗಂಡಾನೆ ಮರದ ಕೆಳಗಿತ್ತು. ಗೈಡ್ ಕೂತುಕೊಳ್ಳಿ ಅಂತ ಕೈ ಮಾಡಿದರು. ನೆಲದ ಮೇಲೆ ಕೂತೆವು. ಜಂಬೂಸವಾರಿ ನೋಡಿ ಬೆಳೆದವಳು ನಾನು. ಆನೆ ಅಂದರೆ ಮೈಮೇಲೆ ಬಣ್ಣ, ಹೆಗಲ ಮೇಲೆ ಮಾವುತ. ಸಫಾರಿಯಲ್ಲಾದರೆ ಜೀಪಿನ ಮೇಲಿಂದ ನೋಡಿದ್ದೆ. ನೆಲದ ಮೇಲೆ ಕೂತು, ಕತ್ತೆತ್ತಿ ಆನೆ ನೋಡಿದ್ದು ಅದೇ ಮೊದಲು. ಮೊಣಕಾಲು ತಾನಾಗೇ ನಡುಗುತ್ತಿತ್ತು, ವೀಡಿಯೊ ಅಲ್ಲಾಡುತ್ತಿರುವುದು ಅದಕ್ಕೇ.

ಸೊಂಡಿಲ ತುದಿ ಗಮನಿಸಿ. ನಮ್ಮ ಆನೆಗೆ ತುದಿಯಲ್ಲಿ ಒಂದೇ ಬೆರಳು. ಇದಕ್ಕೆ ಎರಡು, ಮೇಲೊಂದು ಕೆಳಗೊಂದು. ಒಂದು ಕಾಯಿಯನ್ನು ಎಷ್ಟು ನಾಜೂಕಾಗಿ ಎತ್ತುತ್ತದೆ ನೋಡಿ. ಅಜ್ಜಿ ಭರಣಿಯಿಂದ ಚಿಟಿಕೆ ಕುಂಕುಮ ತೆಗೆದ ಹಾಗೆ. ಮಣ್ಣು ಹತ್ತಿದ್ದರೆ ಒಮ್ಮೆ ಕೊಡವುತ್ತದೆ, ಆಮೇಲೆ ಬಾಯಿಗೆ. ಇಲ್ಲಿಯ ಕೆಲವು ಗಂಡಾನೆಗಳು ಹಿಂಗಾಲಿನ ಮೇಲೆ ನಿಂತು ಕೊಂಬೆ ಎಳೆಯುತ್ತವೆ. ಬೋಸ್ವೆಲ್ ಅಂತ ಹೆಸರಿಟ್ಟ ಆನೆ ಅದಕ್ಕೇ ಪ್ರಸಿದ್ಧ. ಗಂಟೆಗಟ್ಟಲೆ ಕಾದೆವು. ನಮ್ಮದು ಎದ್ದು ನಿಲ್ಲಲಿಲ್ಲ. ಕೆಳಗೇ ಇಷ್ಟು ಬಿದ್ದಿರುವಾಗ ಅದಕ್ಕೇನು ಕರ್ಮ?

ಗೈಡ್ ಹೇಳಿದ ಒಂದು ವಿಷಯ ತಲೆಯಲ್ಲಿ ಉಳಿಯಿತು. ದಡದಲ್ಲಿ ಕಾಣುವುದೆಲ್ಲಾ ಮುದಿ ಮರ, ಎಳೆಯದು ತೀರಾ ಕಡಿಮೆ. ನದಿ ಹರಿದು ಬರುವ ಕಡೆ ಕರೀಬಾ ಅಣೆಕಟ್ಟು 1959ರಲ್ಲಿ ಮುಗಿದ ಮೇಲೆ ನದಿಯ ನೆರೆ ಮೊದಲಿನಂತಿಲ್ಲ. ಮೊಳೆತ ಸಸಿಯನ್ನೂ ಪ್ರಾಣಿಗಳು ಮೇಯುತ್ತವೆ.

ಸಂಜೆ ಮತ್ತೆ ನದಿ ದಂಡೆ. ನೀರಿನ ಹತ್ತಿರ ಹೋಗುವಂತಿಲ್ಲ, ಮೊಸಳೆ ಇದೆ. ನೀರಾನೆಗಳು ಮುದುಕರ ಜಗಲಿ ಹರಟೆಯ ಹಾಗೆ ಹೋ ಹೋ ಅನ್ನುತ್ತಿದ್ದವು. ಕತ್ತಲಾದ ಮೇಲೆ ಅವು ಹುಲ್ಲು ಮೇಯಲು ದಡಕ್ಕೆ ಬರುತ್ತವೆ. ಹಾಗಾಗಿ ರಾತ್ರಿ ಟಾಯ್ಲೆಟ್‌ಗೆ ಹೋಗಬೇಕಾದರೆ ಮೊದಲು ಜಿಪ್ ಸ್ವಲ್ಪ ತೆಗೆದು, ಟಾರ್ಚ್ ಸುತ್ತ ತಿರುಗಿಸಿ, ಹೊಳೆಯುವ ಕಣ್ಣು ಎಣಿಸಬೇಕು. ನಾನು ಸಂಜೆ 5ರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದೆ.

ಇನ್ನು ಚಪ್ಪಲಿ ಕಥೆ. ಮೊದಲ ದಿನವೇ ಎಲ್ಲರೂ ಹೇಳಿದ್ದರು: ಊಟದ ಪಾತ್ರೆ, ಕಸ, ಶೂ, ಏನನ್ನೂ ಹೊರಗೆ ಬಿಡಬೇಡಿ, ಎಲ್ಲಾ ಕಾರಿನೊಳಗೆ. ನಾವು ಪಾತ್ರೆ ಇಟ್ಟೆವು, ಕಸ ಇಟ್ಟೆವು. ಆದರೆ ಮೂರನೇ ರಾತ್ರಿ ಅಣ್ಣ ಟೆಂಟಿನ ಬಾಗಿಲಲ್ಲಿ ಚಪ್ಪಲಿ ಜೋಡಿಸಿ ಬಿಟ್ಟು ಒಳಗೆ ಬಂದ. ಯಾರಿಗೂ ಅದು ತಪ್ಪು ಅಂತ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಬಾಗಿಲ ಹೊರಗೇ ಬಿಟ್ಟು ರೂಢಿ ಅಲ್ವಾ?

ನಡುರಾತ್ರಿ ಊ... ಉಪ್ ಅಂತ ಕೂಗು. ಆಮೇಲೆ ಪುಟುಪುಟು ಹೆಜ್ಜೆ. ಬೆಳಿಗ್ಗೆ ನೋಡಿದರೆ ಬಲಗಾಲಿನದು ಇತ್ತು, ಎಡಗಾಲಿನದು ಇಲ್ಲ. ಧೂಳಿನ ಮೇಲೆ ಕತ್ತೆಕಿರುಬದ ಹೆಜ್ಜೆ, ನಾಯಿಗಿಂತ ದೊಡ್ಡದು, ಉಗುರಿನ ಗುರುತು ಸ್ಪಷ್ಟ. ಸ್ವಲ್ಪ ದೂರ ಹಿಂಬಾಲಿಸಿದೆವು. ಹೆಜ್ಜೆ ಪೊದೆಯೊಳಗೆ ಹೋಯಿತು. ನಾವು ಹೋಗಲಿಲ್ಲ.

"ಇನ್ನೊಂದನ್ನೂ ಇಲ್ಲೇ ಬಿಟ್ಟುಬಿಡೋ ಅಣ್ಣ, ಪಾಪ, ಅದಕ್ಕೂ ಜೋಡಿ ಆಗುತ್ತೆ" ಅಂದೆ. ತಂದ ಕಸವನ್ನೆಲ್ಲಾ ವಾಪಸ್ ಒಯ್ಯಬೇಕು ಅನ್ನುವುದು ನಿಯಮ. ಹಾಗಾಗಿ ಆ ಒಂಟಿ ಚಪ್ಪಲಿ ಕಸದ ಚೀಲದ ಜೊತೆ 400 ಕಿಲೋಮೀಟರ್ ಪ್ರಯಾಣ ಮಾಡಿತು. ಈಗ ಹರಾರೆಯ ಮನೆ ಬಾಗಿಲಲ್ಲಿದೆ. ಅತ್ತಿಗೆ ಎರಡು ಸಲ ಎಸೆದರು. ಎರಡು ಸಲವೂ ಅಣ್ಣ ಎತ್ತಿಕೊಂಡು ಬಂದ.